ಹನ್ನೆರಡು ಕಂಬ, ಹನ್ನೆರಡು ಫೋಟೊ

"ತಮಟೆಯೋರು ಸ್ವಲ್ಪ ಆ ಕಡೀಕೆ ಸರ್ಕೊಳ್ರಪ್ಪಾ, ಫೋಟೊದಾಗೆ ಬತ್ತಾ ಇದ್ದೀರ!"

ಹಿರೇಹಳ್ಳಿ ಕಡೆಯ ಒಂದು ಮದುವೆಯಲ್ಲಿ ಕೇಳಿದ ಮಾತಿದು. ಹಿರೇಹಳ್ಳಿಯೇನು ಲೋಕ ಕಾಣದ ಮೂಲೆ ಊರಲ್ಲ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇದೆ. ರೈಲ್ವೆ ಸ್ಟೇಷನ್ನಿದೆ, ಕಾರ್ಖಾನೆಗಳಿವೆ, ಹಣ್ಣಿನ ಗಿಡಗಳ ಮೇಲೆ ಸಂಶೋಧನೆ ನಡೆಸುವ ಕೇಂದ್ರ ಸರ್ಕಾರದ ತೋಟವಿದೆ. ಅವತ್ತು ಮದುವೆ ಜೋರಾಗಿತ್ತು. ಹಸಿರು ಚಪ್ಪರ, ಅದರ ಮುಂದೆ ಸೀರಿಯಲ್ ಸೆಟ್ಟು, ಮೈಕಿನಲ್ಲಿ ಸಿನಿಮಾ ಹಾಡು, ಮೈಕಿನ ಅಬ್ಬರದ ನಡುವೆಯೇ ಮುದುಕಿಯರ ಸೋಬಾನೆ. ಎಲ್ಲಕ್ಕೂ ಮೇಲೆ ತಮಟೆ. ಬೆಂಕಿಗೆ ಕಾಯಿಸಿ ಹದ ಮಾಡಿದ ನಾಲ್ಕು ತಮಟೆ ಒಟ್ಟಿಗೆ ಬಿದ್ದರೆ ಕೂತವರ ಕಾಲು ಕೂತಲ್ಲೇ ಕುಣಿಯುತ್ತವೆ. ಹುಡುಗರು ಕುಣಿದರು, ಹೆಂಗಸರು ಕುಣಿದರು, ಗಂಡಿನ ಸೋದರಮಾವ ಪಂಚೆ ಎತ್ತಿ ಕಟ್ಟಿ ಕುಣಿದ. ಮೇಲೆ ಡ್ರೋನು ಬೇರೆ ಗುಂಯ್‌ಗುಡುತ್ತಿತ್ತು. ಫೋಟೊದವನಿಗೆ ಈ ಸಂಭ್ರಮವೆಲ್ಲ ಬೇಕು. ಸಂಭ್ರಮ ಹುಟ್ಟಿಸುತ್ತಿದ್ದವರು ಮಾತ್ರ ಬೇಡ.

ತಮಟೆಯವರು ಸರಿದು ನಿಂತರು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾಕಣ್ಣಾ ಸರಿದ್ರಿ?" ಎಂದು ಅವರಲ್ಲಿ ಹಿರಿಯರೊಬ್ಬರನ್ನು ಕೇಳಿದೆ.

"ನಮ್ದೇನೈತೆ ಮೇಷ್ಟ್ರೇ, ಸದ್ದು ಕೇಳಿದ್ರೆ ಸಾಕು, ಮಖ ಯಾಕೆ?" ಎಂದರು.

ಸರಿಯಿರಿ ಎಂದವನು ಗೌಡರ ಮಗನಲ್ಲ, ಶಾನುಭೋಗರ ಮೊಮ್ಮಗನೂ ಅಲ್ಲ. ಕೇರಿಯ ಹುಡುಗನೇ. ಸಾಲ ಮಾಡಿ ಕ್ಯಾಮರ ತಗೊಂಡು ಹೊಟ್ಟೆಪಾಡು ನೋಡಿಕೊಳ್ಳುತ್ತಿರುವವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ನೋಡಲು ಅವನ ಕಣ್ಣಿಗೆ ಕಲಿಸಿದ್ದು ಯಾವುದು ಎಂಬುದು ನನ್ನ ಪ್ರಶ್ನೆ. ಉತ್ತರ ಬೇಕಾದರೆ ಕ್ಯಾಮರದ ಚರಿತ್ರೆಗಿಂತ ಮೊದಲು ಮದುವೆಯ ಚರಿತ್ರೆಯನ್ನು ನೋಡಬೇಕು.

*

ಮದುವೆ ಎಂದರೆ ಎರಡು ಜೀವ ಕೂಡುವುದು ಎಂದು ಲಗ್ನಪತ್ರಿಕೆಗಳು ಹೇಳುತ್ತವೆ. ಊರಿನಲ್ಲಿ ಅದು ಯಾವತ್ತೂ ಅಷ್ಟೇ ಆಗಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಉಡಬೇಕು, ಯಾರು ಎಷ್ಟು ಕಾಣಬೇಕು ಎಂಬುದನ್ನು ಊರು ನಾಲ್ಕು ಜನರ ಎದುರಿಗೆ ಮತ್ತೆ ಮತ್ತೆ ಗಟ್ಟಿ ಮಾಡಿಕೊಳ್ಳುವ ಜಾಗ ಅದು.

1897ರ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಬಲಗೈ ಎಡಗೈ ಪಣಗಳ ಜಗಳವನ್ನು ಬರೆದಿದ್ದಾನೆ. ಬಲಗೈಯವರದು 18 ಪಣ, ಎಡಗೈಯವರದು 9 ಪಣ. ಹೊಲೆಯರು ಬಲಗೈಗೆ ಸೇರಿದರು, ಮಾದಿಗರು ಎಡಗೈಗೆ. ಜಗಳ ಯಾತಕ್ಕೆ? ಮದುವೆ ಚಪ್ಪರಕ್ಕೆ 12 ಕಂಬ ನೆಡುವ ಹಕ್ಕು ನಮಗೊಬ್ಬರಿಗೇ ಎಂದು ಬಲಗೈಯವರ ವಾದ. ಎಡಗೈಯವರು 11ಕ್ಕೆ ನಿಲ್ಲಿಸಬೇಕು. ಮೆರವಣಿಗೆಯಲ್ಲಿ ಕುದುರೆ ಏರುವುದು, ಹನುಮಂತನ ಚಿತ್ರದ ಬಾವುಟ ಹಿಡಿಯುವುದು, ಇವೂ ಬಲಗೈಯವರಿಗೇ ಸೇರಬೇಕು.

ಒಂದು ಕಂಬಕ್ಕೆ ಜಗಳ! ಉಳಲು ಹೊಲವಿಲ್ಲ, ಸೇದಲು ಬಾವಿಯಿಲ್ಲ, ಗುಡಿಯ ಬಾಗಿಲು ತೆರೆದಿಲ್ಲ. ಊರಾಚೆಗೆ ಇಟ್ಟ ಎರಡು ಕೇರಿಗಳನ್ನು ಒಂದು ಕಂಬದ ಲೆಕ್ಕದಲ್ಲಿ ಬೇರೆ ಮಾಡಿದ ಈ ಏರ್ಪಾಟಿನಿಂದ ಲಾಭ ಯಾರಿಗಾಯಿತು? ಬ್ರಾಹ್ಮಣರು ಈ ಎರಡು ಕೈಗಳಿಗೂ ಸೇರದವರು. ಕೈ ಕೈ ಹೊಡೆದಾಡುವಾಗ ತಲೆ ತಣ್ಣಗಿತ್ತು. ಹಾಗೆಂದು ಆ ಜಗಳವನ್ನು ಬರೀ ದಡ್ಡತನವೆಂದು ತಳ್ಳಿಹಾಕಬಾರದು. 12ನೇ ಕಂಬವೆಂದರೆ ಮರದ ತುಂಡಲ್ಲ. ಅದು ಕಾಣಿಸಿಕೊಳ್ಳುವ ಹಕ್ಕು. ಇಷ್ಟು ಕಾಣು, ಇದಕ್ಕಿಂತ ಹೆಚ್ಚು ಕಾಣಬೇಡ ಎಂದು ಅಳೆದು ಕೊಟ್ಟ ಅಳತೆಯ ವಿರುದ್ಧ ಎದ್ದ ಕೂಗೂ ಅದರಲ್ಲಿದೆ.

ಮೇಲಿನವರ ಮದುವೆಯಲ್ಲಿ ನಮಗಿದ್ದ ಪಾತ್ರವೇ ಬೇರೆ. ಚಲವಾದಿಯಾಗಿ ಗಂಟೆಬಟ್ಟಲು ಹಿಡಿದು ಮೆರವಣಿಗೆಯ ಮುಂದೆ ನಡೆಯುವುದು, ತಮಟೆ ಬಡಿಯುವುದು, ಪಂಕ್ತಿ ಎದ್ದ ಮೇಲೆ ಉಳಿದದ್ದಕ್ಕೆ ಸೆರಗೊಡ್ಡುವುದು. ಎಲ್ಲರಿಗಿಂತ ಮುಂದೆ ನಡೆದೆವು, ಆದರೆ ಮುಂದಾಳಾಗಲಿಲ್ಲ. ಇದು ನಮ್ಮ ಸೀಮೆಯೊಂದರ ಕಥೆಯೂ ಅಲ್ಲ. ಇಂದೋರ್ ಸೀಮೆಯ ಬಲಾಯಿ ಎಂಬ ಅಸ್ಪೃಶ್ಯ ಜಾತಿಗೆ ಮೇಲುಜಾತಿಯವರು ಹಾಕಿದ ಕಟ್ಟಳೆಗಳು 1928ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದವು. ಜರಿಯಂಚಿನ ಪೇಟ ಸುತ್ತಬಾರದು. ಬಣ್ಣದಂಚಿನ ಪಂಚೆ ಉಡಬಾರದು. ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು. ಸವರ್ಣೀಯರ ಮದುವೆಯಲ್ಲಿ ಮೆರವಣಿಗೆಯ ಮುಂದೆ ವಾದ್ಯ ನುಡಿಸಲೇಬೇಕು. ಕೂಲಿ ಕೇಳದೆ ಕೊಟ್ಟಷ್ಟು ತಗೋಬೇಕು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಈ ಪಟ್ಟಿಯನ್ನು ದೇಶದ ಮುಖಕ್ಕೆ ಹಿಡಿದರು. ಬೇರೆಯವರ ಮದುವೆಗೆ ಸದ್ದು ಕೊಡು, ನಿನ್ನ ಮದುವೆಯಲ್ಲಿ ಸದ್ದಿಲ್ಲದೆ ಇರು. ಕಟ್ಟಳೆಯ ಸಾರ ಇಷ್ಟೇ. ಹಿರೇಹಳ್ಳಿಯ ತಮಟೆಯಣ್ಣ "ಸದ್ದು ಕೇಳಿದ್ರೆ ಸಾಕು" ಎಂದರಲ್ಲ, ಆ ಮಾತಿಗೆ ಇಷ್ಟು ವಯಸ್ಸಾಗಿದೆ.

*

ಇಂಥ ನಾಡಿಗೆ ಕ್ಯಾಮರ ಬಂತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಸಾರಿದ ಈ ವಿದ್ಯೆ ಬೇಗನೆ ಕಲ್ಕತ್ತೆ ಮುಟ್ಟಿತು. 1857ರ ದಂಗೆಯಾದ ಮೇಲೆ, ತಾನು ಆಳುತ್ತಿರುವ ಜನ ಎಂಥವರೆಂದು ತಿಳಿಯುವ ಆತುರ ಬ್ರಿಟಿಷ್ ಸರ್ಕಾರಕ್ಕೆ ಹತ್ತಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ 8 ಸಂಪುಟ ಬಂದವು. 400ಕ್ಕೂ ಹೆಚ್ಚು ಫೋಟೊ. ಅಲ್ಲಿ ಮನುಷ್ಯರೆಲ್ಲ ಜಾತಿಯ ಮಾದರಿಗಳು. ಹೆಚ್ಚಿನವರಿಗೆ ಹೆಸರಿಲ್ಲ, ಜಾತಿಗೆ ಹೆಸರಿದೆ. ಸಂತೆಯಲ್ಲಿ ಕಾಳಿನ ಮಾದರಿ ತೋರಿಸುವುದಿಲ್ಲವೆ, ಹಾಗೆ.

ನಮ್ಮಲ್ಲಿಯೂ ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಸೇರಿ ಮಾಡಿದ 'ಮೈಸೂರು ಟ್ರೈಬ್ಸ್ ಅಂಡ್ ಕಾಸ್ಟ್ಸ್' ಸಂಪುಟಗಳು 1928ರಿಂದ 1935ರ ನಡುವೆ ಅಚ್ಚಾದವು. ಪ್ರತಿ ಜಾತಿಯ ಮದುವೆಯ ಶಾಸ್ತ್ರಗಳನ್ನೂ ಅವುಗಳಲ್ಲಿ ಬರೆದಿದ್ದಾರೆ. ಕೇರಿಯ ಮದುವೆಯ ಬಗ್ಗೆ ಹುಡುಕುವವನಿಗೆ ಇವತ್ತಿಗೂ ಅದು ಉಪಯೋಗಕ್ಕೆ ಬರುತ್ತದೆ. ಉಪಕಾರವನ್ನು ಮರೆಯಬಾರದು. ಆದರೆ ಆ ಪುಟಗಳಲ್ಲಿ ಮದುವೆಯಾಗುವುದು ಜಾತಿ. ಒಬ್ಬ ಹುಡುಗ, ಒಬ್ಬಳು ಹುಡುಗಿ ಅಲ್ಲಿ ಮದುವೆಯಾಗುವುದಿಲ್ಲ.

ಇದೇ ಹೊತ್ತಿನಲ್ಲಿ ಮೈಸೂರು ಅರಮನೆಯಲ್ಲಿ ಏನಾಗುತ್ತಿತ್ತು? ಅಲ್ಲಿನ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ. ಕಲಾವಿದರು ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದದ್ದರಿಂದ ಅಧಿಕಾರಿ ಯಾರು, ಸವಾರ ಯಾರು ಎಂದು ಮುಖ ನೋಡಿ ಹೇಳಬಹುದಿತ್ತು. ಅರಮನೆಯ ಮೆರವಣಿಗೆಗೆ ಮುಖ. ಕೇರಿಗೆ ಮಾದರಿ. ಒಂದೇ ಯಂತ್ರ, ಎರಡು ನ್ಯಾಯ.

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಅಧ್ಯಯನಕ್ಕೆಂದು ಹೋದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಜೊತೆಗೆ ಕ್ಯಾಮರ ಒಯ್ದಿದ್ದರು. ಹಳ್ಳಿಯವರ ಬಾಯಲ್ಲಿ ಕ್ಯಾಮರ ಹೋಗಿ 'ಚಾಮರ' ಆಯಿತೆಂದು 1976ರ 'ದಿ ರಿಮೆಂಬರ್ಡ್ ವಿಲೇಜ್'ನಲ್ಲಿ ಅವರೇ ನೆನೆದಿದ್ದಾರೆ. ಓದಿದವರು ನಕ್ಕು ಮುಂದಿನ ಪುಟಕ್ಕೆ ಹೋಗುತ್ತಾರೆ. ಅದು ನಕ್ಕು ಬಿಡುವ ಮಾತಲ್ಲ. ಚಾಮರ ಬೀಸುವುದು ಯಾರಿಗೆ? ದೇವರಿಗೆ, ದೊರೆಗೆ. ಕ್ಯಾಮರ ಯಾರ ಕಡೆ ತಿರುಗುತ್ತದೋ ಅವನೇ ದೊಡ್ಡವನು. ಹಳ್ಳಿಯ ಜನ ತಿಳಿಯದೆ ಆಡಿದರೂ ಸರಿಯಾಗಿಯೇ ಆಡಿದರು. ತಾವು ಊರನ್ನು ಹೆಚ್ಚಾಗಿ ಮೇಲುಜಾತಿಗಳ ಕಡೆಯಿಂದಲೇ ನೋಡಿದೆವೆಂದು ಶ್ರೀನಿವಾಸರೂ ಒಪ್ಪಿಕೊಂಡಿದ್ದಾರೆ.

*

ಹಳ್ಳಿಯ ಮದುವೆಗೆ ಫೋಟೊದವನು ಬಂದದ್ದು ಮೊದಲು ಉಳ್ಳವರ ಮನೆಗೆ. ಪೇಟೆಯ ಸ್ಟುಡಿಯೋದಿಂದ ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ ಹೊತ್ತು ಬರುತ್ತಿದ್ದ. ಆಗಿನ ಪ್ಲೇಟು ಬೆಳಕು ಹಿಡಿಯಲು ಹೊತ್ತು ಬೇಕಿತ್ತು. ಅಲ್ಲಾಡುವ ಹಾಗಿಲ್ಲ, ನಗುವ ಹಾಗಿಲ್ಲ. ಹಳೆಯ ಫೋಟೊಗಳಲ್ಲಿ ಮದುಮಕ್ಕಳು ಕೋರ್ಟಿನ ಕಟಕಟೆಯಲ್ಲಿ ನಿಂತವರ ಹಾಗೆ ಕಾಣುವುದು ಅದಕ್ಕೇ. ಕುಣಿತವಾಗಲಿ, ಕೈಯೆತ್ತಿ ಬಡಿಯುವ ತಮಟೆಯಾಗಲಿ ಆ ಕ್ಯಾಮರಕ್ಕೆ ದಕ್ಕುವ ವಸ್ತುವೇ ಅಲ್ಲ.

ಆಮೇಲೆ ರೋಲು ಬಂತು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಅಗ್ಗದ ಕ್ಯಾಮರ ಮಧ್ಯಮ ವರ್ಗದ ಮನೆ ಸೇರಿತು. ಊಟಿಯಲ್ಲಿ ಸರ್ಕಾರವೇ ಕಟ್ಟಿದ ಹಿಂದೂಸ್ತಾನ್ ಫೋಟೊ ಫಿಲಮ್ಸ್ ಕಾರ್ಖಾನೆ 1967ರಲ್ಲಿ ಶುರುವಾಗಿ 'ಇಂದು' ಎಂಬ ಹೆಸರಿನ ಫಿಲ್ಮು ಮಾಡಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಕ್ಲಿಕ್-3ರಲ್ಲಿ ಒಂದು ರೋಲಿಗೆ ಬರುತ್ತಿದ್ದದ್ದು 12 ಫೋಟೊ.

ಅಲ್ಲಿಯೂ 12 ಕಂಬ, ಇಲ್ಲಿಯೂ 12 ಫೋಟೊ. ಒಂದೇ ರೋಲು ತಂದ ಮದುವೆಯಲ್ಲಿ ಆ 12ನ್ನು ಊರು ಹೇಗೆ ಹಂಚುತ್ತಿತ್ತು ನೋಡಿ. ಹಸೆಮಣೆಯ ಮೇಲೆ ಹೆಣ್ಣುಗಂಡು ಒಂದು. ತಾಳಿ ಕಟ್ಟುವುದು ಒಂದು. ಧಾರೆ ಒಂದು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಪೇಟೆಯಿಂದ ಬಂದ ನೆಂಟರು. ಪಟೇಲರು ಕುರ್ಚಿಯಲ್ಲಿ. ಪಂಚಾಯ್ತಿ ಛೇರ್ಮನ್ನರು ಹಾರ ಹಾಕಿಕೊಂಡು. ಪುರೋಹಿತರು. ಉಳಿದ ಒಂದೆರಡರಲ್ಲಿ ಒಂದು ಬೆಳಕು ಬಿದ್ದು ಸುಟ್ಟುಹೋಗುತ್ತಿತ್ತು.

ಯಾರಿಲ್ಲ ಲೆಕ್ಕ ಹಾಕಿ. ನಡೆಮಡಿ ಹಾಸಿದ ಅಗಸ ಇಲ್ಲ. ಮಡಕೆ ತಂದ ಕುಂಬಾರ ಇಲ್ಲ. ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಮುದ್ದೆ ತೊಳಸಿದ ಹೆಂಗಸರಿಲ್ಲ. ಎಂಜಲೆಲೆ ಎತ್ತಿದವರಿಲ್ಲ. ಚಪ್ಪರಕ್ಕೆ ಸೊಪ್ಪು ಕಡಿದು ತಂದವರಿಲ್ಲ. ತಮಟೆಯವರಂತೂ ಇಲ್ಲವೇ ಇಲ್ಲ. ಮದುವೆಯನ್ನು ಮದುವೆ ಮಾಡಿದ ಕೈಗಳೆಲ್ಲ ಚೌಕಟ್ಟಿನಾಚೆ ಉಳಿದವು. ಊರಾಚೆಯ ಕೇರಿ, ಚೌಕಟ್ಟಿನಾಚೆಯ ಜನ.

ಚೌಕಟ್ಟಿನೊಳಗೆ ಬಂದವರಿಗೂ ಅವರ ಮುಖ ಅವರಿಗೆ ಸಿಗಲಿಲ್ಲ. ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಗಳನ್ನು ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಬಣ್ಣದ ಫೋಟೊ ಬಂದಾಗಲೂ ಅಷ್ಟೇ. ಕೊಡಾಕ್ ಕಂಪನಿ ಬಣ್ಣ ಸರಿಯಿದೆಯೋ ಇಲ್ಲವೋ ನೋಡಲು ಸ್ಟುಡಿಯೋಗಳಿಗೆ ಕೊಡುತ್ತಿದ್ದ 'ಶರ್ಲಿ ಕಾರ್ಡಿ'ನಲ್ಲಿ ಬಹಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಆ ಮೈಬಣ್ಣಕ್ಕೆ ಹೊಂದಿಸಿದ ಅಳತೆಯಲ್ಲಿ ಕಪ್ಪು ಮುಖ ಕತ್ತಲಲ್ಲಿ ಕರಗಿ ಹೋಗುತ್ತಿತ್ತು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ಅಕ್ಕತಂಗಿಯರು ತಮ್ಮ ಮದುವೆಯ ಫೋಟೊ ನೋಡಿ ತಾವೇ ನಾಚಿಕೊಂಡರೆ ತಪ್ಪು ಯಾರದು?

ಫಿಲ್ಮು ದುಬಾರಿ, ಇದ್ದದ್ದೇ 12, ಎಲ್ಲರನ್ನೂ ಎಲ್ಲಿ ತೆಗೆಯೋದು ಸ್ವಾಮಿ ಎಂದು ಕೇಳುವವರಿದ್ದಾರೆ. ಒಪ್ಪೋಣ. ಈಗ ಒಂದು ಮದುವೆಗೆ ಸಾವಿರ ಫೋಟೊ ತೆಗೆಯುತ್ತಾರೆ. ಫಿಲ್ಮಿನ ಖರ್ಚಿಲ್ಲ, ತೊಳೆಯುವ ಖರ್ಚಿಲ್ಲ. ಮದುಮಗನ ಬೂಟಿಗೆ ಒಂದು ಫೋಟೊ, ಉಂಗುರಕ್ಕೆ ಒಂದು, ಊಟದೆಲೆಯ ಹಪ್ಪಳಕ್ಕೆ ಒಂದು. ಆದರೂ ತಮಟೆಯವರು ಸರಿದು ನಿಲ್ಲಬೇಕು. ಅಂದರೆ ಅವತ್ತು ಬಿಟ್ಟದ್ದು ಫಿಲ್ಮು ಸಾಲದೆ ಅಲ್ಲ, ಮನಸ್ಸು ಸಾಲದೆ. ಫಿಲ್ಮು ಹೋಯಿತು, ಅದು ಕಲಿಸಿದ ಹಂಚಿಕೆ ಕಣ್ಣಿನಲ್ಲಿ ಉಳಿಯಿತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಗೆ ದಿಲ್ಲಿಯ ಫೋಟೊದಲ್ಲಿ ಜಾಗ ಸಿಕ್ಕಿತು. ಊರ ಚಪ್ಪರದ ಫೋಟೊದಲ್ಲಿ ಇನ್ನೂ ಸಿಗಬೇಕು.

*

ಕೇರಿಯ ಮದುವೆಗೆ ಫೋಟೊ ಬಂದದ್ದು ತಡವಾಗಿ. ದುಡ್ಡೆಲ್ಲಿತ್ತು? ಮದುವೆಯೇ ಸಾಲದ ಮೇಲೆ ನಿಂತಿತ್ತು. ತಾಳಿಗೆ, ಸೀರೆಗೆ, ಒಂದು ಹೊತ್ತಿನ ಊಟಕ್ಕೆ ತಂದ ಸಾಲ ತೀರಿಸಲು ಮದುಮಗ ಧಣಿಯ ಕೊಟ್ಟಿಗೆಯಲ್ಲಿ ಜೀತಕ್ಕೆ ನಿಂತ ಕಥೆ ಯಾವ ಕೇರಿಯಲ್ಲಿಲ್ಲ? ಜೀತ ನಿರ್ಮೂಲನ ಕಾಯ್ದೆ 1976ರಲ್ಲಿ ಬಂತು. ಅದಕ್ಕೂ ಮುಂಚಿನ ಎಷ್ಟೋ ಮದುವೆಗಳಿಗೆ ದಾಖಲೆಯೆಂದು ಉಳಿದದ್ದು ಫೋಟೊ ಅಲ್ಲ, ಸಾಲಪತ್ರದ ಮೇಲಿನ ಹೆಬ್ಬೆಟ್ಟು.

ಆದ್ದರಿಂದ ಆಡಂಬರ ಬೇಡ ಎಂದವರ ಮಾತು ನಮ್ಮ ಮಾತೂ ಹೌದು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜ 1873ರಲ್ಲೇ ಪುರೋಹಿತನಿಲ್ಲದ ಮದುವೆ ಮಾಡಿಸಿತು. ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿದರು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ಸರಳ ಮದುವೆ ನಮ್ಮ ಚಳುವಳಿಯ ದಾರಿಯೂ ಆಯಿತು. ಸಾಲ ಮಾಡಿ ಡ್ರೋನು ಹಾರಿಸುವ ಅಣ್ಣತಮ್ಮಂದಿರಿಗೆ ಇದನ್ನು ಹೇಳಲೇಬೇಕು.

ಹೇಳುವಾಗ ಇನ್ನೊಂದನ್ನೂ ನೆನಪಿಡಬೇಕು. ಬೆಳ್ಳಿ ಬಂಗಾರ ಮಾಮೂಲಾದವನು ಅದನ್ನು ಬಿಡುವುದು ತ್ಯಾಗ. ಜರಿಯಂಚು ಉಡಬಾರದೆಂದು ಹೊಡೆಸಿಕೊಂಡವನ ಮೊಮ್ಮಗ ಕೋಟು ತೊಟ್ಟು, ತಂಪು ಕನ್ನಡಕ ಹಾಕಿ ಕ್ಯಾಮರದ ಎದುರು ನೆಟ್ಟಗೆ ನಿಲ್ಲುವುದು ಬರೀ ಷೋಕಿಯಲ್ಲ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 19ನೇ ಶತಮಾನದಲ್ಲಿ ಸುಮಾರು 160 ಫೋಟೊ ತೆಗೆಸಿಕೊಂಡ. ಕಪ್ಪು ಮನುಷ್ಯನನ್ನು ಕೋತಿಯ ಹಾಗೆ ಬರೆಯುತ್ತಿದ್ದ ವ್ಯಂಗ್ಯಚಿತ್ರಗಳಿಗೆ ಅವನ ಉತ್ತರ ಅದು. ನಮ್ಮ ಕೇರಿಗಳ ಗೋಡೆಯ ಮೇಲೆ ಕೋಟು ತೊಟ್ಟ ಬಾಬಾಸಾಹೇಬರ ಫೋಟೊ ತೂಗುವುದೂ ಇದೇ ಅರ್ಥದಲ್ಲಿ. ಅದರ ಮಗ್ಗುಲಲ್ಲಿ ಮದುವೆಯ ಫೋಟೊ. ಎರಡಕ್ಕೂ ಒಂದೇ ಮೊಳೆ ಸಾಲು.

ಬಾಬಾಸಾಹೇಬರ ಮೊದಲ ಮದುವೆ ರಮಾಬಾಯಿಯವರೊಂದಿಗೆ ಆದದ್ದು ಮುಂಬಯಿಯ ಭಾಯಖಳಾ ಮಾರುಕಟ್ಟೆಯಲ್ಲಿ. ವ್ಯಾಪಾರ ಮುಗಿದ ಮೇಲೆ, ಮೀನು ಮಾರುವ ಕಟ್ಟೆಗಳ ನಡುವೆ. ಆ ಮದುವೆ ನಮ್ಮ ಕಣ್ಣಿಗೆ ಫೋಟೊವಾಗಿ ಸಿಕ್ಕಿಲ್ಲ. ನಮ್ಮ ನಾಡಿನ ಇನ್ನೂ ದೊಡ್ಡ ಮದುವೆ 12ನೇ ಶತಮಾನದ ಕಲ್ಯಾಣದಲ್ಲಿ ಆಯಿತು. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಕಥೆ ಹೇಳುತ್ತದೆ. ಯಾವ ಕ್ಯಾಮರವೂ ಇಲ್ಲದೆ ಎಂಟು ನೂರು ವರ್ಷ ಜನರ ಬಾಯಲ್ಲಿ ಆ ಮದುವೆ ಉಳಿದು ಬಂತು. ಹಾಗೆ ನೆನಪಿನಲ್ಲಿ ಉಳಿಯುವ ಭಾಗ್ಯ ಎಷ್ಟು ಕೇರಿಗಳ ಮದುವೆಗೆ ಸಿಕ್ಕಿತು?

*

ಕಾನೂನು ಇದನ್ನೆಲ್ಲ ನಿಧಾನಕ್ಕೆ ಒಪ್ಪಿಕೊಂಡಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ, ಒಡವೆ ಅಲಂಕಾರ ತೊಡುವುದಕ್ಕೆ ಅಡ್ಡಿ ಮಾಡಿದರೆ ಶಿಕ್ಷೆ ಎಂದಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು. ಅದನ್ನು ಪ್ರತಿಯೊಬ್ಬ ಮೇಷ್ಟ್ರೂ ಓದಬೇಕು. ಸೈಕಲ್ಲು ಹತ್ತುವುದು, ಚಪ್ಪಲಿ ಮೆಟ್ಟುವುದು, ಹೊಸ ಬಟ್ಟೆ ಉಡುವುದು, ಮದುವೆ ಮೆರವಣಿಗೆ ತೆಗೆಯುವುದು, ಮೆರವಣಿಗೆಯಲ್ಲಿ ಕುದುರೆ ಏರುವುದು, ಇವಕ್ಕೆ ಅಡ್ಡಿ ಮಾಡುವುದು ಅಪರಾಧವೆಂದು ಅದು ಬಿಡಿಸಿ ಬಿಡಿಸಿ ಹೇಳಿದೆ. ಇಪ್ಪತ್ತೊಂದನೇ ಶತಮಾನದ ಪಾರ್ಲಿಮೆಂಟು ಕುದುರೆಯ ಹೆಸರೆತ್ತಬೇಕಾಯಿತು! ರೈಸ್ ಬರೆದ ಕುದುರೆ ಇನ್ನೂ ಇಳಿದಿರಲಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಮ್‌ಪುರದಲ್ಲಿ ದಲಿತ ಮದುಮಗನೊಬ್ಬ ಮೇಲುಜಾತಿಯವರ ಬೀದಿಯಲ್ಲಿ ಮೆರವಣಿಗೆ ಹೋಗಲು ಹೈಕೋರ್ಟಿನವರೆಗೆ ಅಲೆದ. ಕೊನೆಗೆ ಜುಲೈ ತಿಂಗಳಲ್ಲಿ ಪೊಲೀಸರ ಕಾವಲಿನ ನಡುವೆ ದಿಬ್ಬಣ ಹೋಯಿತು. ಅದರ ಫೋಟೊಗಳನ್ನು ದೇಶವೆಲ್ಲ ನೋಡಿತು. ಕಾಯ್ದೆ ಬೀದಿ ಬಿಡಿಸಿಕೊಟ್ಟಿತು. ಕಣ್ಣನ್ನು ಬಿಡಿಸುವ ಕೆಲಸ ನಮ್ಮದು.

ಅದಕ್ಕೆ ಒಂದು ಸಣ್ಣ ದಾರಿ ನನಗೆ ಗೊತ್ತಿದೆ. ನಮ್ಮ ಶಾಲೆಯ ಮಕ್ಕಳಿಗೆ ಒಮ್ಮೆ ಹೇಳಿದೆ: ಮನೆಯ ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ ಇರುವ ಹಳೆಯ ಮದುವೆ ಫೋಟೊ ತನ್ನಿ. ಫೋಟೊದಲ್ಲಿ ಇರುವವರ ಹೆಸರು ಬರೆಯಿರಿ. ಆಮೇಲೆ ಅವತ್ತು ಮದುವೆಯಲ್ಲಿದ್ದು ಫೋಟೊದಲ್ಲಿ ಇಲ್ಲದವರ ಹೆಸರನ್ನು ಅಜ್ಜಿಯರನ್ನು ಕೇಳಿ ಹಿಂದುಗಡೆ ಬರೆಯಿರಿ. ಗೆದ್ದಲು ತಿಂದವು ಬಂದವು, ನೀರು ಬಿದ್ದು ಮುಖ ಅಳಿಸಿದವು ಬಂದವು. ಒಂದರ ಬಲ ಅಂಚಿನಲ್ಲಿ ಅರ್ಧ ತಮಟೆ, ಕೋಲು ಹಿಡಿದ ಒಂದು ಕೈ ಇತ್ತು. ಮೈಯಿಲ್ಲ, ಮುಖವಿಲ್ಲ. ಸರಿ ಅಂದಾಗ ಪೂರ್ತಿ ಸರಿಯದೆ ಉಳಿದ ಕೈ.

ಆ ಫೋಟೊವನ್ನು ಕೇರಿಯ ಒಬ್ಬ ಮುದುಕಿಗೆ ತೋರಿಸಿದೆವು. ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ, ಇದು ನಮ್ ಯಜಮಾನ್ರ ಕೈಯಲ್ವೇನಪ್ಪ," ಎಂದಳು. ಹೆಸರು ಹೇಳಿದಳು. ಮಗುವಿನ ಕೈಯಲ್ಲಿ ಫೋಟೊದ ಹಿಂದೆ ಬರೆಸಿದೆವು. ಅವರ ಇನ್ನೊಂದು ಫೋಟೊ ಆ ಮನೆಯಲ್ಲಿ ಇರಲಿಲ್ಲ.

ಆ ಮಗುವಿನ ಅಣ್ಣನೇ ಈಗ ಕ್ಯಾಮರ ಹಿಡಿದಿರುವ ಹುಡುಗ. ಫೋಟೊ ಅವನಿಗೂ ತೋರಿಸಿದ್ದೇನೆ. ಬಹಳ ಹೊತ್ತು ನೋಡಿದ. ಏನೂ ಮಾತಾಡಲಿಲ್ಲ. ಮುಂದಿನ ಲಗ್ನದಲ್ಲಿ ಅವನು ತಮಟೆಯವರಿಗೆ ಏನು ಹೇಳುತ್ತಾನೆ, ನೋಡಬೇಕು.